ಹುಡುಗರನ್ನೇ ಇಷ್ಟಪಡುವುದಾದರೆ ಹುಡುಗಿಯಾಗಿಯೇ ಇರಬಹುದಿತ್ತಲ್ವಾ? (ನನ್ನ ತಂಗಿ ವಿಷಯ, ದಯವಿಟ್ಟು ತಿಳಿಸಿ)

ಗುಂಡುಸೂಜಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನಲ್ಲಿ ಲೇಡೀಸ್ ಟೈಲರ್. ಹದಿನಾಲ್ಕು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್ಸು, ಇಷ್ಟೇ ನನ್ನ ಕೆಲಸ. ಓದಿದ್ದು ಪಿಯುಸಿ. ತಪ್ಪಾಗಿ ಏನಾದರೂ ಬರೆದಿದ್ದರೆ ತಿದ್ದಿ, ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ನನ್ನ ತಂಗಿಯದು. ನನಗಿಂತ ಹನ್ನೊಂದು ವರ್ಷ ಚಿಕ್ಕದು, ಈಗ 24. ಬೆಂಗಳೂರಿನಲ್ಲಿ ಕೆಲಸ. ತಂಗಿ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ ಈಗ ನನಗೆ ಗೊತ್ತಾಗುತ್ತಿಲ್ಲ. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಅದಕ್ಕೆ ಸದ್ಯಕ್ಕೆ ಮಗು ಅಂತಲೇ ಬರೆಯುತ್ತೇನೆ.

ಗೌರಿ ಹಬ್ಬಕ್ಕೆ ಮಗು ಊರಿಗೆ ಬಂದಿತ್ತು. ಪ್ರತಿ ವರ್ಷದ ಹಾಗೆ ಸೀರೆ ತೆಗೆದಿಟ್ಟು ಬ್ಲೌಸ್ ಹೊಲಿಯೋಣ ಅಂತ ಅಳತೆ ಪುಸ್ತಕ ತೆಗೆದೆ. ರಾತ್ರಿ ಎಂಟೂವರೆ ಆಗಿತ್ತು, ಶಟರ್ ಅರ್ಧ ಎಳೆದಿದ್ದೆ. ಮಗು ಸ್ಟೂಲಿನ ಮೇಲೆ ಕೂತು, "ಅಕ್ಕ, ಇನ್ಮೇಲೆ ನನಗೆ ಬ್ಲೌಸ್ ಹೊಲೀಬೇಡ. ಒಂದು ಶರ್ಟ್ ಹೊಲಿದುಕೊಡ್ತೀಯಾ?" ಅಂತ ಕೇಳಿತು. "ಕೊಡ್ತೀನಿ, ಅದಕ್ಕೇನು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ಬಲಕ್ಕಿರಲಿ" ಅಂತು.

ಹೊಲಿಗೆ ಗೊತ್ತಿಲ್ಲದವರಿಗೆ ಇದು ಅರ್ಥ ಆಗಲಿಕ್ಕಿಲ್ಲ. ಹೆಂಗಸರ ಶರ್ಟಿಗೆ ಗುಂಡಿ ಎಡಕ್ಕೆ, ಕಾಜಾ ಬಲಕ್ಕೆ. ಗಂಡಸರದ್ದು ಅದಕ್ಕೆ ಉಲ್ಟಾ. ಮಗು ಚಿಕ್ಕದಿದ್ದಾಗಿಂದ ನನ್ನ ಮೆಷಿನ್ ಪಕ್ಕದಲ್ಲೇ ಕೂತು ಬೆಳೆದಿದ್ದು. ನನಗೆ ಏನು ಹೇಳಿದರೆ ತಿಳಿಯುತ್ತದೆ ಅಂತ ಅದಕ್ಕೆ ಗೊತ್ತಿತ್ತು. ನನ್ನ ಕೈಯಲ್ಲಿದ್ದ ಟೇಪು ಹಾಗೇ ನಿಂತುಬಿಟ್ಟಿತು.

ಆಮೇಲೆ ಎಲ್ಲ ಹೇಳಿತು. ಚಿಕ್ಕಂದಿನಿಂದಲೂ ತಾನು ಹುಡುಗ ಅಂತಲೇ ಅನ್ನಿಸಿದೆಯಂತೆ. ಕೇಳುತ್ತಾ ಕೇಳುತ್ತಾ ನನಗೂ ಒಂದೊಂದೇ ನೆನಪಾಯ್ತು. ದೊಡ್ಡವಳಾದಾಗ ಆರತಿ ಶಾಸ್ತ್ರಕ್ಕೆ ಎಲ್ಲರೂ ಕಾಯುತ್ತಾ ಕೂತಿದ್ದರು, ಇದು ಬಚ್ಚಲುಮನೆ ಚಿಲಕ ಹಾಕಿಕೊಂಡು ಎರಡು ಗಂಟೆ ಹೊರಗೆ ಬರಲಿಲ್ಲ. ನಾಚಿಕೆ ಅಂದುಕೊಂಡೆವು. ನಾನೇ ಹೊರಗಿನಿಂದ ನಗುತ್ತಾ ಕರೆಯುತ್ತಿದ್ದೆ. ಒಳಗೆ ಅದು ಅಳುತ್ತಿತ್ತಂತೆ.

ಸರಿ, ಇಷ್ಟರ ಮಟ್ಟಿಗೆ ಮನಸ್ಸು ಗಟ್ಟಿ ಮಾಡಿಕೊಂಡೆ. "ಹಾಗಾದ್ರೆ ನಿನಗೆ ಹುಡುಗೀರು ಇಷ್ಟ ಆಗ್ತಾರಾ?" ಅಂತ ಕೇಳಿದೆ. ಹುಡುಗ ಅಂದಮೇಲೆ ಹುಡುಗಿ ಇಷ್ಟ ಇರಬೇಕಲ್ಲ ಅನ್ನೋ ಲೆಕ್ಕ ನನ್ನದು. "ಇಲ್ಲ ಅಕ್ಕ, ನನಗೆ ಇಷ್ಟ ಆಗೋದು ಹುಡುಗರೇ" ಅಂತು.

ಅಲ್ಲಿಗೆ ನನಗೆ ಪೂರ್ತಿ ಗೊಂದಲ ಆಯ್ತು. ಹುಡುಗರನ್ನೇ ಇಷ್ಟಪಡುವುದಾದರೆ ಹುಡುಗಿಯಾಗಿಯೇ ಇರಬಹುದಿತ್ತಲ್ವಾ? ಮದುವೆ ಆಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಇಷ್ಟೆಲ್ಲ ಕಷ್ಟ ಯಾಕೆ? ಇದನ್ನು ಅದರ ಮುಂದೆ ಕೇಳಲಿಲ್ಲ, ನೊಂದುಕೊಳ್ಳುತ್ತದೆ ಅಂತ. ಅಪ್ಪನಿಗೆ ವಿಷಯ ಗೊತ್ತಾಗಿ ಮಾತು ಬಿಟ್ಟಿದ್ದಾರೆ. ಚಿಕ್ಕಪ್ಪ ಯಾರೋ ಡಾಕ್ಟರನ್ನು ಕೇಳಿದರಂತೆ, "ಮದುವೆ ಮಾಡಿ, ಸರಿಹೋಗುತ್ತೆ" ಅಂದರಂತೆ. ಅಮ್ಮ, "ಮನೆ ಬಿಟ್ಟು ಸಿಗ್ನಲ್‌ನಲ್ಲಿ ನಿಂತುಬಿಡುತ್ತಾ?" ಅಂತ ದಿನಾ ಕೇಳುತ್ತಾರೆ. ತಿಳಿದವರು ಹೇಳಿ. ನನಗೆ ಅರ್ಥ ಮಾಡಿಕೊಳ್ಳಬೇಕು.

ಕುಕ್ಕರಹಳ್ಳಿ, ಮೈಸೂರು

ಅಕ್ಕಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು ಟ್ರಾನ್ಸ್ ಗಂಡಸು. ಅಂದರೆ ಹುಟ್ಟಿದಾಗ ಹೆಣ್ಣುಮಗು ಅಂತ ಬರೆಸಿದ್ದರು, ನಾನು ಗಂಡು. ಈಗ 36 ವರ್ಷ. ಆ ಬಚ್ಚಲುಮನೆ ನನಗೂ ಗೊತ್ತು. ನಮ್ಮ ಮನೆಯಲ್ಲಿ ಅದು ಅಟ್ಟ ಆಗಿತ್ತು ಅಷ್ಟೇ.

ನೀವು ಕೇಳಿದ್ದು ಒಂದು ಪ್ರಶ್ನೆ ಅನ್ನಿಸುತ್ತದೆ, ಆದರೆ ಒಳಗೆ ಎರಡಿವೆ. ನಾನು ಯಾರು ಅನ್ನೋದು ಒಂದು. ನನ್ನ ಮನಸ್ಸು ಯಾರ ಕಡೆ ಹೋಗುತ್ತದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಇನ್ನೊಬ್ಬ ಮನುಷ್ಯ ಬೇಕಾಗಿಯೇ ಇಲ್ಲ. ರೂಮಿನಲ್ಲಿ ಒಬ್ಬನೇ ಕನ್ನಡಿ ಮುಂದೆ ನಿಂತರೂ ಅದು ಇರುತ್ತದೆ. ಎರಡನೆಯದಕ್ಕೆ ಇನ್ನೊಬ್ಬರು ಕಣ್ಣಿಗೆ ಬೀಳಬೇಕು.

ನನ್ನದೇ ಹೇಳುತ್ತೇನೆ. ಒಂದನೇ ಕ್ಲಾಸಿನಲ್ಲಿ ಅಮ್ಮ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟಿ ಕಳಿಸುತ್ತಿದ್ದರು. ಸ್ಕೂಲ್ ಗೇಟಿನ ಹತ್ತಿರ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ದಿನಾ ಟೀಚರ್ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಆರು ವರ್ಷದ ಮಗುವಿಗೆ ಪ್ರೀತಿ ಪ್ರೇಮ ಏನು ಗೊತ್ತು? ಆದರೂ ಹುಡುಗಿಯರ ಸಾಲಿನಲ್ಲಿ ನಿಲ್ಲು ಅಂದಾಗ ಕಾಲು ಏಳುತ್ತಿರಲಿಲ್ಲ. ಒಬ್ಬರ ಮೇಲೆ ಮನಸ್ಸಾಗಿದ್ದು ಹದಿನಾರಕ್ಕೆ. ಎರಡರ ನಡುವೆ ಹತ್ತು ವರ್ಷ. ಒಂದೇ ವಿಷಯ ಆಗಿದ್ದರೆ ಒಟ್ಟಿಗೆ ಬರಬೇಕಿತ್ತಲ್ವಾ?

ನನಗೆ ಇಷ್ಟ ಆಗಿದ್ದು ಹುಡುಗಿ. ಅದಕ್ಕೇ ನನಗೂ ನಿಮ್ಮ ಹಾಗೆಯೇ ಗೊಂದಲ ಆಯ್ತು, ಆದರೆ ಬೇರೆ ದಿಕ್ಕಿನಿಂದ. ಹುಡುಗಿಯನ್ನು ಇಷ್ಟಪಡುವ ಹುಡುಗಿಗೆ ಲೆಸ್ಬಿಯನ್ ಅಂತಾರೆ, ಹಾಗಾದರೆ ನಾನೂ ಅದೇ ಇರಬೇಕು ಅಂತ ಎರಡು ವರ್ಷ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಅಂಥ ಹೆಂಗಸರು ಭಾನುವಾರ ಸೇರುತ್ತಿದ್ದ ಕಡೆ ಹೋಗುತ್ತಿದ್ದೆ. ತುಂಬಾ ಒಳ್ಳೆಯವರು, ಅನ್ನ ಹಾಕಿದ್ದಾರೆ. ಆದರೆ ಅವರಿಗೆ ತಾವು ಹೆಣ್ಣು ಅನ್ನೋದರಲ್ಲಿ ಯಾವ ಕಷ್ಟವೂ ಇರಲಿಲ್ಲ. ಕಾಟನ್ ಸೀರೆ ಉಟ್ಟು, ಹೂ ಮುಡಿದು ಸಂತೋಷವಾಗಿದ್ದವರೂ ಇದ್ದರು. "ನಾವು ಹೆಂಗಸರು" ಅಂತ ಅವರು ಹೇಳಿದಾಗ ಆ "ನಾವು" ಒಳಗೆ ನಾನು ಇರಲಿಲ್ಲ. ಅವತ್ತು ಗೊತ್ತಾಯ್ತು, ನನ್ನ ತೊಂದರೆ ಯಾರನ್ನು ಪ್ರೀತಿಸುತ್ತೇನೆ ಅನ್ನೋದಲ್ಲ ಅಂತ.

ಟ್ರಾನ್ಸ್ ಗಂಡಸರಲ್ಲಿ ಹೆಂಗಸರನ್ನು ಇಷ್ಟಪಡುವವರಿದ್ದಾರೆ, ಗಂಡಸರನ್ನು ಇಷ್ಟಪಡುವವರಿದ್ದಾರೆ, ಇಬ್ಬರನ್ನೂ ಇಷ್ಟಪಡುವವರಿದ್ದಾರೆ, ಯಾರ ಕಡೆಗೂ ಮನಸ್ಸು ಹೋಗದವರೂ ಇದ್ದಾರೆ. ಬೇರೆ ಗಂಡಸರಲ್ಲಿ ಇರುವ ಹಾಗೆಯೇ.

ಇನ್ನೊಂದು ವಿಷಯ. ನೀವು "ಮಗು" ಅಂತ ಬರೆದಿದ್ದು ನನ್ನ ಮನಸ್ಸಿಗೆ ನಾಟಿತು. ನಮ್ಮ ಭಾಷೆಯಲ್ಲಿ ನನ್ನ ಬಗ್ಗೆ ನಾನು ಮಾತಾಡುವಾಗ ಕಷ್ಟ ಇಲ್ಲ. ಬಂದೆ, ಹೋದೆ, ತಿಂದೆ. ಗಂಡಿಗೂ ಹೆಣ್ಣಿಗೂ ಒಂದೇ. ಬೇರೆಯವರು ಮಾತಾಡಿದಾಗಲೇ ಚುಚ್ಚುವುದು. ಬಂದಳು, ಹೋದಳು, ಏನೇ, ಬಾರೇ. ದಿನಕ್ಕೆ ನೂರು ಸಲ. ಇಪ್ಪತ್ತೊಂಬತ್ತು ವರ್ಷ ಆದಮೇಲೆ ನನ್ನ ಅಜ್ಜಿ ಒಂದು ದಿನ ಕಾಫಿ ಲೋಟ ಹಿಡಿದುಕೊಂಡು "ತಗೊಳ್ಳೋ" ಅಂದರು. ಲೋಟ ಕೈಗೆ ತೆಗೆದುಕೊಳ್ಳೋಕೆ ನನಗೆ ಆಗಲಿಲ್ಲ, ಕೈ ನಡುಗುತ್ತಿತ್ತು.

ಅಮ್ಮನಿಗೆ ಹೇಳಿ, ನಾನು ಅಕೌಂಟ್ಸ್ ಕೆಲಸ ಮಾಡುತ್ತೇನೆ. ಸಾಲದ ಮೇಲೆ ಒಂದು ಸೈಟು ತೆಗೆದುಕೊಂಡಿದ್ದೇನೆ. ಸಿಗ್ನಲ್‌ನಲ್ಲಿ ನಿಲ್ಲುವವರಲ್ಲಿ ಜಾಸ್ತಿ ಜನ ಅಲ್ಲಿಗೆ ಬಂದಿದ್ದು ಮನೆಯವರು ಹೊರಗೆ ಹಾಕಿದ್ದಕ್ಕೆ, ಯಾರೂ ಕೆಲಸ ಕೊಡದೇ ಇದ್ದಿದ್ದಕ್ಕೆ. ಮನೆ ಬಾಗಿಲು ತೆರೆದೇ ಇರಲಿ ಅಂತ ಹೇಳಿ.

ಕಡಲತಡಿ, ಕುಂದಾಪುರ (ಈಗ ಬೆಂಗಳೂರು)

ನಾನು ಗೇ. ಗಂಡಸು, ಗಂಡಸರನ್ನೇ ಇಷ್ಟಪಡುವವನು. ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದಲೂ ಸೇರಿಸುತ್ತೇನೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 377ನೇ ಕಲಂ ಮೇಲೆ ತೀರ್ಪು ಕೊಟ್ಟಿತಲ್ಲ, ಆವತ್ತೇ ಮನೆಯಲ್ಲಿ ಹೇಳಿದೆ. ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಆದರೆ ಪರದೆ ಮೇಲೆ ತೋರಿಸುತ್ತಿದ್ದದ್ದು ಬರೀ ಮಂಗಳಮುಖಿಯರ ಚಿತ್ರ. ಅಮ್ಮ ಅದನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ "ನೀನೂ ಸೀರೆ ಉಡ್ತೀಯಾ ಮಗಾ?" ಅಂತ ಕೇಳಿದರು. ಕೇಳಿದ್ದು ಪ್ರೀತಿಯಿಂದಲೇ. ಉಡುತ್ತೇನೆ ಅಂದಿದ್ದರೆ ತಮ್ಮ ಪೆಟ್ಟಿಗೆಯಿಂದಲೇ ಒಂದು ತೆಗೆದುಕೊಡುತ್ತಿದ್ದರೇನೋ. ಆದರೆ ನನಗೆ ನಾನು ಗಂಡಸು ಅನ್ನೋದರಲ್ಲಿ ಒಂದು ದಿನವೂ ಅನುಮಾನ ಬಂದಿಲ್ಲ. ನನ್ನ ಮೀಸೆ ನನಗೆ ಇಷ್ಟ. ನನ್ನ ಮೈ ನನಗೆ ಸರಿಯಾಗಿದೆ. ಗಂಡಸರನ್ನು ಇಷ್ಟಪಡುತ್ತೇನೆ ಅಂದ ಮಾತ್ರಕ್ಕೆ ನಾನು ಒಳಗೆ ಹೆಣ್ಣು ಅಂತ ಆಗುವುದಿಲ್ಲ. ಹಾಗೆಯೇ ನಿಮ್ಮ ಮನೆಯ ಹುಡುಗ ಗಂಡಸರನ್ನು ಇಷ್ಟಪಡುತ್ತಾನೆ ಅಂದ ಮಾತ್ರಕ್ಕೆ ಅವನು ಹೆಣ್ಣು ಅಂತ ಆಗುವುದಿಲ್ಲ. ಅವನೂ ನನ್ನ ಥರಾನೇ ಗೇ. ನನ್ನ ಗೆಳೆಯರ ಗುಂಪಿನಲ್ಲಿ ಅಂಥವರು ಇಬ್ಬರಿದ್ದಾರೆ.

ಈಗ ನಿಮ್ಮ ಪ್ರಶ್ನೆ, ಹುಡುಗಿಯಾಗಿಯೇ ಇದ್ದು ಹುಡುಗನನ್ನು ಮದುವೆ ಆಗಬಹುದಿತ್ತಲ್ವಾ ಅಂತ. ಸ್ವಲ್ಪ ಯೋಚನೆ ಮಾಡಿ ಮೇಡಂ. ಆ ಹುಡುಗ ಪ್ರೀತಿಸುವುದು ಯಾರನ್ನು? ಜಡೆ ಇರುವ, ಸೀರೆ ಉಡುವ, ಅವನ ಹೆಂಡತಿ ಅನ್ನಿಸಿಕೊಳ್ಳುವ ಒಬ್ಬಳನ್ನು. ನಿಮ್ಮ ತಮ್ಮ ಆ ವೇಷ ಹಾಕಿಕೊಂಡು ಜೀವಮಾನ ಪೂರ್ತಿ ಪಕ್ಕದಲ್ಲಿ ನಿಲ್ಲಬೇಕು. ಪ್ರೀತಿ ಸಿಕ್ಕರೂ ಅದು ಅವನಿಗೆ ಸಿಕ್ಕಿದ್ದಲ್ಲ, ಆ ವೇಷಕ್ಕೆ ಸಿಕ್ಕಿದ್ದು. ನನಗೂ ಒಂದು ಹುಡುಗಿ ನೋಡಿ ಬಂದಿದ್ದರು, ನಿಶ್ಚಿತಾರ್ಥದ ಹತ್ತಿರಕ್ಕೆ ಹೋಗಿತ್ತು. ಆ ಮೂರು ತಿಂಗಳು ಹೇಗಿತ್ತು ಅಂತ ನನಗೆ ಗೊತ್ತು. ಅವಳಿಗೂ ಮೋಸ, ನನಗೂ ಮೋಸ.

ಓದುಗ77, ದಾವಣಗೆರೆ

ಯಾರೂ ತಪ್ಪು ತಿಳಿಯಬೇಡಿ. ನನಗೆ ಇದೆಲ್ಲ ಇತ್ತೀಚಿನ ಮೊಬೈಲ್ ಪ್ರಭಾವ ಅನ್ನಿಸುತ್ತದೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನನಗೂ ಹದಿನಾರು ವರ್ಷದ ಮಗಳಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಯಾವಾಗಲೂ ಪ್ಯಾಂಟು, ಟೀ ಶರ್ಟು. ಇದನ್ನು ಓದಿ ನಿಜವಾಗಿಯೂ ಭಯ ಆಯ್ತು.

ಕುಕ್ಕರಹಳ್ಳಿ, ಮೈಸೂರು

ಸರ್, ಭಯ ಬೇಡ. ಪ್ಯಾಂಟು ಹಾಕಿದವರೆಲ್ಲ ಗಂಡಾಗುವುದಿಲ್ಲ. ನನ್ನ ಸ್ವಂತ ತಂಗಿ ಬುಲೆಟ್ ಓಡಿಸುತ್ತಾಳೆ, ಕೂದಲು ನನಗಿಂತ ಗಿಡ್ಡ. ತಾನು ಹೆಣ್ಣು ಅನ್ನೋದರಲ್ಲಿ ಅವಳಿಗೆ ಯಾವ ಅನುಮಾನವೂ ಇಲ್ಲ, ಗಂಡ, ಒಂದು ಮಗು ಇದೆ. ಬಟ್ಟೆ ಬೇರೆ, ನಾನು ಯಾರು ಅನ್ನೋದು ಬೇರೆ, ಯಾರನ್ನು ಇಷ್ಟಪಡುತ್ತೇನೆ ಅನ್ನೋದು ಮತ್ತೂ ಬೇರೆ. ಮಗಳ ಜೊತೆ ಸುಮ್ನೆ ಮಾತಾಡುತ್ತಾ ಇರಿ. ಏನಾದರೂ ಹೇಳುವುದಿದ್ದರೆ ಮೊದಲು ನಿಮಗೇ ಹೇಳುವ ಹಾಗಿರಲಿ.

ಮತ್ತೆ, ನಾನು ರಿಬ್ಬನ್ ಬಿಚ್ಚುತ್ತಿದ್ದಾಗ ನಮ್ಮ ಮನೆಯಲ್ಲಿ ಮೊಬೈಲ್ ಇರಲಿ, ಲ್ಯಾಂಡ್‌ಲೈನೂ ಇರಲಿಲ್ಲ.

ಹಳೆ ಮೇಷ್ಟ್ರು, ಹೊಸಪೇಟೆ

"ನಮ್ಮ ಕಾಲದಲ್ಲಿ ಎಲ್ಲಿತ್ತು" ಅನ್ನೋದಕ್ಕೆ ಉತ್ತರ ಕೊಡಬೇಕು ಅನ್ನಿಸಿತು. ನಾನು ಮೂವತ್ತೆರಡು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವನು. ನಮ್ಮ ಕಡೆ ಹುಲಿಗೆಮ್ಮನ ಜಾತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಯಾರೂ ಈ ಮಾತು ಆಡುವುದಿಲ್ಲ. ಜೋಗಪ್ಪಂದಿರನ್ನು ನನ್ನ ಅಜ್ಜನೂ ನೋಡಿದ್ದ. ಗಂಡುಹುಡುಗನಾಗಿ ಹುಟ್ಟಿದವರು, ದೇವಿ ಮೈಮೇಲೆ ಬಂದಳು ಅಂತ ಮುತ್ತು ಕಟ್ಟಿಸಿಕೊಂಡು, ಅಂದರೆ ದೇವಿಗೆ ತಮ್ಮನ್ನು ಒಪ್ಪಿಸಿಕೊಂಡು, ಸೀರೆ ಉಡುತ್ತಾರೆ. ತಲೆ ಮೇಲೆ ಕೊಡ ಹೊತ್ತು, ಚೌಡಿಕೆ ಬಾರಿಸಿ ಹಾಡುತ್ತಾರೆ. ಅವರು ಮನೆ ಬಾಗಿಲಿಗೆ ಬಂದರೆ ನನ್ನವ್ವ ಮೊರದಲ್ಲಿ ಜೋಳ ತಂದು ಹಾಕಿ ಕಾಲಿಗೆ ಬೀಳುತ್ತಿದ್ದಳು.

ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರನ್ನೇ ನೋಡಿ. ಮನೆಯವರು ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದರು, ಆಮೇಲೆ ಅವರು ಪಟ್ಟ ಪಾಡು ಸಣ್ಣದಲ್ಲ. ಜೋಗತಿ ನೃತ್ಯ ಕಲಿತು, ಅದನ್ನು ಊರೂರಿಗೆ ಒಯ್ದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಎದುರು ನಿಂತು ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ಅದನ್ನು ನೋಡಿ ನಮ್ಮ ಓಣಿಯ ಹೆಂಗಸರೆಲ್ಲ ಅತ್ತರು.

ಇಲ್ಲಿ ಒಂದು ಸಂಗತಿ ಗಮನಿಸಿ. ಜೋಗತಿ ಅಂದಾಗ ನಮ್ಮ ಜನ ಅವರಿಗೆ ಯಾರ ಮೇಲೆ ಮನಸ್ಸು ಅಂತ ಕೇಳುವುದಿಲ್ಲ. ಅವರು ಯಾರು ಅನ್ನೋದೇ ಮಾತು. ಸೀರೆ, ಮುತ್ತು, ದೇವಿ. ಅಂದರೆ ಎರಡೂ ಬೇರೆ ಅನ್ನೋದು ನಮ್ಮ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಹೆಸರು ಇಟ್ಟಿರಲಿಲ್ಲ ಅಷ್ಟೇ.

ಆದರೆ ಒಂದು ಕೊರತೆ ಇದೆ, ಅದನ್ನೂ ಒಪ್ಪಿಕೊಳ್ಳಬೇಕು. ಗಂಡಾಗಿ ಹುಟ್ಟಿ ಹೆಣ್ಣಾದವರಿಗೆ ನಮ್ಮಲ್ಲಿ ಜೋಗಪ್ಪ, ಜೋಗತಿ, ಮಂಗಳಮುಖಿ ಅಂತ ಎಷ್ಟೋ ಹೆಸರುಗಳಿವೆ, ಕೂರಲು ಒಂದು ಜಾಗ ಇದೆ. ಅವರಲ್ಲಿ ಕೆಲವರಿಗೆ ಮಂಗಳಮುಖಿ ಅನ್ನೋ ಹೆಸರು ಹಿಡಿಸುವುದಿಲ್ಲ, ಅದು ಬೇರೆ ಮಾತು. ಹೆಣ್ಣಾಗಿ ಹುಟ್ಟಿ ಗಂಡಾದವರಿಗೆ ನಾವು ಏನು ಇಟ್ಟಿದ್ದೇವೆ? ಗಂಡುಬೀರಿ ಅನ್ನೋ ಬೈಗುಳ ಒಂದೇ. ನನ್ನ ಕ್ಲಾಸಿನಲ್ಲಿ ಅಂಥ ಒಂದು ಮಗು ಇತ್ತು. ಕಬಡ್ಡಿಗೆ ಹುಡುಗರ ಕಡೆ ನಿಲ್ಲುತ್ತೇನೆ ಅಂತ ಹಟ ಮಾಡುತ್ತಿತ್ತು. ನಾನೂ ಆ ಮಾತು ಆಡಿಯೇ ಅದನ್ನು ಕೂರಿಸಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಮದುವೆ ಮಾಡಿದರು. ಆಮೇಲೆ ನನಗೆ ಅದರ ಸುದ್ದಿ ಸಿಗಲಿಲ್ಲ. ಈ ಹೆಣ್ಣುಮಗಳ ಬರಹ ಓದಿದಾಗಿನಿಂದ ಅದರ ಮುಖವೇ ಕಣ್ಣ ಮುಂದೆ ಬರುತ್ತಿದೆ.

ಗುಂಡುಸೂಜಿ, ತಿಪಟೂರು

ಎಲ್ಲರಿಗೂ ಕೈಮುಗಿಯುತ್ತೇನೆ. ಕಡಲತಡಿಯವರು ಬರೆದ ವೇಷದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮೇಷ್ಟ್ರೇ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಮಂಜಮ್ಮನವರನ್ನು ಟಿವಿಯಲ್ಲಿ ನೋಡಿದ್ದು ಅಮ್ಮನಿಗೆ ನೆನಪಿದೆ.

ಡಾಕ್ಟರ್ ಹೇಳಿದ್ದರ ಬಗ್ಗೆ ಯಾರಾದರೂ ಹೇಳಿ. ಚಿಕ್ಕಪ್ಪ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದಾರೆ. ಇದು ಹಾರ್ಮೋನ್ ಕಾಯಿಲೆಯಾ? ಕಾನೂನು ಏನು ಹೇಳುತ್ತದೆ?

ಕರಿಕೋಟು, ಬೆಂಗಳೂರು

ನಾನು ವಕೀಲೆ. ಚಿಕ್ಕಪ್ಪನವರಿಗೆ ಓದಿ ಹೇಳುವ ಹಾಗೆ ಬರೆಯುತ್ತೇನೆ.

ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತೆಗೆಯಲು 2019ರಲ್ಲಿ ಒಪ್ಪಿತು, ಜಾರಿಗೆ ಬಂದದ್ದು 2022ರ ಜನವರಿ 1ಕ್ಕೆ. ವೈದ್ಯರೂ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ ಅನ್ನೋದಕ್ಕೆ 1990, 2019 ಅನ್ನೋ ಆ ಎರಡು ಬೇರೆ ಇಸವಿಗಳೇ ಸಾಕು. ಹುಟ್ಟುವಾಗಲೇ ದೇಹದ ರಚನೆ ಗಂಡು, ಹೆಣ್ಣು ಎರಡಕ್ಕೂ ಸರಿಯಾಗಿ ಹೊಂದದ ಮಕ್ಕಳಿರುತ್ತಾರೆ. ಅವರನ್ನು ಇಂಟರ್‌ಸೆಕ್ಸ್ ಅನ್ನುತ್ತಾರೆ. ಅದು ಇದಲ್ಲ.

"ಮದುವೆ ಮಾಡಿ, ಸರಿಹೋಗುತ್ತೆ" ಅನ್ನೋದು ಚಿಕಿತ್ಸೆ ಅಲ್ಲ. ಇಂಥವರನ್ನು "ಬದಲಾಯಿಸುತ್ತೇನೆ" ಅಂತ ಡಾಕ್ಟರ್ ಹೊರಟರೆ ಅದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಇನ್ನು ಕೋರ್ಟು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಂ ಸರಿ ಅಂತ ಎತ್ತಿಹಿಡಿಯಿತು. ಅಂದರೆ ಇಬ್ಬರು ಗಂಡಸರ ಸಂಬಂಧ ಅಪರಾಧವಾಗಿಯೇ ಉಳಿಯಿತು. ನಾಲ್ಕೇ ತಿಂಗಳಿಗೆ, 2014ರ ಏಪ್ರಿಲ್ 15ರಂದು, ಅದೇ ಕೋರ್ಟ್ ಇನ್ನೊಂದು ಪೀಠದಿಂದ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹಾಕಿದ್ದ ಕೇಸು) ತೀರ್ಪು ಕೊಟ್ಟಿತು. ಗಂಡು, ಹೆಣ್ಣು, ತೃತೀಯ ಲಿಂಗ, ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದ್ದೇ, ಅದಕ್ಕೆ ಆಪರೇಷನ್ ಮಾಡಿಸಿಕೊಂಡು ಬಾ ಅನ್ನೋದು ಕಾನೂನುಬಾಹಿರ ಅಂತ ಹೇಳಿತು. 377ರ ಅಪರಾಧ ಹೋಗಲು 2018ರ ತನಕ ಕಾಯಬೇಕಾಯ್ತು. ಹತ್ತಿರ ಹತ್ತಿರ ನಾಲ್ಕೂವರೆ ವರ್ಷ ಈ ದೇಶದಲ್ಲಿ "ನಾನು ಯಾರು" ಅನ್ನೋದಕ್ಕೆ ಮಾನ್ಯತೆ ಇತ್ತು, "ಯಾರನ್ನು ಪ್ರೀತಿಸುತ್ತೇನೆ" ಅನ್ನೋದಕ್ಕೆ ಇರಲಿಲ್ಲ.

ಮದುವೆ ವಿಷಯದಲ್ಲೂ ಹಾಗೇ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಕೋರ್ಟ್ ಒಪ್ಪಲಿಲ್ಲ. ಆದರೆ ಟ್ರಾನ್ಸ್ ಗಂಡಸು ಹೆಂಗಸನ್ನು, ಟ್ರಾನ್ಸ್ ಹೆಂಗಸು ಗಂಡಸನ್ನು ಈಗಿರುವ ಕಾನೂನಿನಲ್ಲೇ ಮದುವೆ ಆಗಬಹುದು ಅಂತ ಅದೇ ತೀರ್ಪಿನಲ್ಲಿದೆ. ಹಾಗಾಗಿ ಕುಕ್ಕರಹಳ್ಳಿಯವರಿಗೆ ಒಂದು ದಾರಿ ಇದೆ. ನಿಮ್ಮ ತಮ್ಮನಿಗೆ, ಅವನು ಗಂಡು ಅಂತ ದಾಖಲೆ ಮಾಡಿಸಿಕೊಂಡರೆ, ಆ ದಾರಿ ಮುಚ್ಚುತ್ತದೆ. ಮೇಡಂ, ಇದನ್ನು ಸ್ವಲ್ಪ ಗಮನವಿಟ್ಟು ನೋಡಿ. ಹುಡುಗಿಯಾಗಿ ಉಳಿದಿದ್ದರೆ ಎಲ್ಲ ಸುಲಭ ಇತ್ತು ಅಂದಿರಲ್ಲ, ಅದು ಅವನಿಗೂ ಗೊತ್ತು. ಗೊತ್ತಿದ್ದೂ ನಿಮ್ಮ ಮುಂದೆ ಬಂದು ಹೇಳಿದ್ದಾನೆ. ಸುಲಭದ್ದನ್ನು ಬಿಟ್ಟು ಬಂದ ಮಗುವನ್ನು "ತಲೆ ಕೆಟ್ಟಿದೆ" ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೆಲಸದ ಚಿಂತೆ ಇದ್ದರೆ, ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಜನರಿಗೆ ಶೇಕಡಾ 1 ಮೀಸಲಾತಿ ಮೊದಲು ತಂದಿದ್ದು ನಮ್ಮ ಕರ್ನಾಟಕವೇ, 2021ರಲ್ಲಿ. ಪ್ರತಿ ವರ್ಗದ ಒಳಗೂ ಅದು ಅನ್ವಯ ಆಗುತ್ತದೆ. ದಾಖಲೆ ಬದಲಾಯಿಸುವುದಕ್ಕೆ ಅವಸರ ಬೇಡ. ಅದು ಅವನು ತೀರ್ಮಾನ ಮಾಡಬೇಕಾದ್ದು, ಯಾವಾಗ ಅಂತಲೂ ಅವನೇ. ಅರ್ಜಿ ಹಾಕುವ ದಿನ ಯಾವ ನಿಯಮ ಇದೆಯೋ ನೋಡಿಕೊಂಡು ಹಾಕಲಿ. ಬೇಕಾದರೆ ನಾನು ದುಡ್ಡು ತೆಗೆದುಕೊಳ್ಳದೆ ಜೊತೆಗೆ ಬರುತ್ತೇನೆ.

ಕುಕ್ಕರಹಳ್ಳಿ, ಮೈಸೂರು

ಅಕ್ಕಾ, ನೀವು ಟೈಲರ್ ಆಗಿರೋದಕ್ಕೆ ಒಂದು ಕೆಲಸದ ಮಾತು. ಎದೆ ಕಾಣಬಾರದು ಅಂತ ನಮ್ಮಲ್ಲಿ ಎಷ್ಟೋ ಹುಡುಗರು ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ. ನಾನೂ ಸುತ್ತಿಕೊಂಡು ಪಕ್ಕೆಲುಬು ನೋವು ಮಾಡಿಕೊಂಡಿದ್ದೆ, ಬಸ್ಸಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತ್ತು. ಅದು ಬೇಡ ಅಂತ ಹೇಳಿ. ಬೈಂಡರ್ ಅಂತ ಒಳಂಗಿ ಸಿಗುತ್ತದೆ. ಅದನ್ನೂ ಎಂಟು ಗಂಟೆಗಿಂತ ಜಾಸ್ತಿ ಹಾಕಬಾರದು, ಹಾಕಿಕೊಂಡು ಮಲಗಬಾರದು.

ಶರ್ಟಿಗೆ ತೆಳು ಬಟ್ಟೆ ಬೇಡ. ಸ್ವಲ್ಪ ದಪ್ಪ, ಗಾಢ ಬಣ್ಣದ ಚೌಕಳಿ ಒಳ್ಳೆಯದು. ಎದೆಯ ಎರಡೂ ಕಡೆ ಫ್ಲಾಪ್ ಇರುವ ಜೇಬು ಇಡಿ, ಉಬ್ಬು ಗೊತ್ತಾಗುವುದಿಲ್ಲ. ಭುಜದ ಹೊಲಿಗೆ ಭುಜದ ತುದಿಗೇ ಕೂರಲಿ, ಕೆಳಗೆ ಜಾರಿದರೆ ಅಣ್ಣನ ಶರ್ಟ್ ಹಾಕಿಕೊಂಡ ಹಾಗೆ ಕಾಣುತ್ತದೆ. ನನ್ನ ಮೊದಲ ಶರ್ಟ್ ಹಾಗಿತ್ತು.

ಗುಂಡುಸೂಜಿ, ತಿಪಟೂರು

ಹತ್ತು ದಿನ ಆಯ್ತು ಬರೆದು. ಕಳೆದ ಶನಿವಾರ ತಮ್ಮ ಬಂದಿದ್ದ. ಒಂದೇ ದಿನ ಇದ್ದು ಹೋದ. ನನ್ನ ಬಾಯಲ್ಲಿ ಇನ್ನೂ ಎರಡು ಮೂರು ಸಲ "ಏನೇ" ಬಂದುಬಿಟ್ಟಿತು. ಅವನು ಏನೂ ಅನ್ನಲಿಲ್ಲ, ಆದರೆ ಪ್ರತಿ ಸಲ ಕಣ್ಣು ಸಣ್ಣಗೆ ಆ ಕಡೆ ತಿರುಗುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ನೋಡಿಯೇ ಇರಲಿಲ್ಲ.

ಬ್ಯಾಂಡೇಜ್ ಬಗ್ಗೆ ಕೇಳಿದೆ. ಸುತ್ತಿಕೊಂಡೇ ಇದ್ದ. ಬಿಚ್ಚಿಸಿ ನೋಡಿದರೆ ಪಕ್ಕೆಯಲ್ಲಿ ಬರೆ ಎದ್ದಿತ್ತು. ತೆಂಗಿನೆಣ್ಣೆ ಹಚ್ಚಿದೆ. ಬೈಂಡರ್ ತರಿಸುತ್ತಿದ್ದೇನೆ.

ನನಗೆ ಗಂಡಸರ ಶರ್ಟ್ ಕಟಿಂಗ್ ಸರಿಯಾಗಿ ಬರುವುದಿಲ್ಲ. ಪಕ್ಕದ ಜೆಂಟ್ಸ್ ಟೈಲರ್ ಅಣ್ಣನ ಹತ್ತಿರ ಕೂತು ಕಾಲರ್, ಕಫ್ ಹೇಳಿಸಿಕೊಂಡೆ. ಯಾರಿಗೆ ಅಂತ ಕೇಳಿದರು. "ನನ್ನ ತಮ್ಮನಿಗೆ" ಅಂದೆ. "ನಿನಗೆ ತಮ್ಮ ಇದ್ದಾನಾ?" ಅಂದರು. ಇದ್ದಾನೆ ಅಂದೆ. ಅಳತೆ ಪುಸ್ತಕದಲ್ಲಿ ಹೊಸ ಹಾಳೆ ಮಾಡಿದ್ದೇನೆ: ಉದ್ದ 27, ಶೋಲ್ಡರ್ 16, ತೋಳು 22½, ಕಾಲರ್ 14½. ಮೇಲೆ ಅವನು ಇಟ್ಟುಕೊಂಡಿರುವ ಹೆಸರು ಬರೆದೆ.

ಅಪ್ಪ ಇನ್ನೂ ಮಾತಾಡಿಲ್ಲ. ತಟ್ಟೆ ಹಾಕಿದಾಗ ಎದ್ದು ಹೊರಗೆ ಹೋದರು. ಚಿಕ್ಕಪ್ಪನಿಗೆ ವಕೀಲರು ಬರೆದಿದ್ದನ್ನು ಪ್ರಿಂಟ್ ತೆಗೆಸಿ ಕೊಟ್ಟಿದ್ದೇನೆ, ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದಾರೆ. ಓದಿದರೋ ಇಲ್ಲವೋ.

ಅಮ್ಮ ಸಂಜೆ ಹೊತ್ತು ಅಂಗಡಿಗೆ ಬಂದು ಹೆಮ್ಮಿಂಗ್, ಗುಂಡಿ ಕೆಲಸ ಮಾಡಿಕೊಡುತ್ತಾರೆ. ನಿನ್ನೆ ಮಡಚಿಟ್ಟಿದ್ದ ಶರ್ಟನ್ನು ನಾನು ಹೇಳದೆಯೇ ತೊಡೆ ಮೇಲೆ ಎಳೆದುಕೊಂಡರು. ನೀಲಿ ಚೌಕಳಿ, ಎರಡು ಜೇಬು. ಯಾರದು ಅಂತ ಕೇಳಲಿಲ್ಲ. ತುಂಬಾ ಹೊತ್ತು ಪಟ್ಟಿ ಮೇಲೆ ಕೈಯಾಡಿಸುತ್ತಿದ್ದರು. ಆಮೇಲೆ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟು, "ಗುಂಡಿ ಯಾವ ಕಡೆಗೇ?" ಅಂದರು.

"ಬಲಕ್ಕೆ ಅಮ್ಮ" ಅಂದೆ.

ಏಳು ಗುಂಡಿ ಹಚ್ಚಿದರು. ಸೋಮವಾರ ಕೊರಿಯರ್ ಮಾಡುತ್ತೇನೆ.